ಮಾತ್ರೆ ಶುರುವಾದ ಮೇಲೆ ಹದಿಮೂರು ಕಿಲೋ ಏರಿದ್ದೇನೆ: ನಿಲ್ಲಿಸಲೇ, ಮುಂದುವರಿಸಲೇ?

ಪ್ರಶ್ನೆ: ನನಗೆ 31 ವರ್ಷ. ಸಕಲೇಶಪುರ ತಾಲೂಕಿನ ಹಳ್ಳಿಯೊಂದರಲ್ಲಿದ್ದೇವೆ, ಸ್ವಲ್ಪ ಕಾಫಿ ತೋಟವಿದೆ. ಕಳೆದ ವರ್ಷ ಬೈಪೋಲಾರ್ ಕಾಯಿಲೆ (ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಮನೋರೋಗ) ಎಂದು ಹೇಳಿ ಓಲಾಂಜಪೈನ್ 10 ಮಿ.ಗ್ರಾಂ. ಮತ್ತು ವಾಲ್‌ಪ್ರೊಯೇಟ್ 1000 ಮಿ.ಗ್ರಾಂ. ಬರೆದುಕೊಟ್ಟರು. ಕಾಯಿಲೆ ಹತೋಟಿಗೆ ಬಂತು. ಆದರೆ 56 ಕಿಲೋ ಇದ್ದವಳು ಎರಡು ತಿಂಗಳಿಗೆ 61 ಆದೆ, ಹತ್ತು ತಿಂಗಳಿಗೆ 69. ಎತ್ತರ 5 ಅಡಿ 1 ಅಂಗುಲ. ರಾತ್ರಿ ಒಂದು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ಏನಿದ್ದರೆ ಅದನ್ನು ತಿನ್ನುತ್ತೇನೆ. ಬೆಳಿಗ್ಗೆ ಒಂಬತ್ತರವರೆಗೆ ಮಂಪರು ಹೋಗುವುದಿಲ್ಲ. ಕೂದಲು ಉದುರುತ್ತಿದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ. ಡಾಕ್ಟರಿಗೆ ಹೇಳಿದರೆ ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ ಎಂದರು. ಮದುವೆಮನೆಗಳಲ್ಲಿ ಜನರ ಮಾತು ಕೇಳಿ ರೋಸಿಹೋಗಿ ಕೆಲವು ದಿನ ಎರಡೂ ಮಾತ್ರೆ ಬಿಟ್ಟೆ. ನಿದ್ದೆಯೇ ಹೋಯಿತು, ಹೆದರಿ ಮತ್ತೆ ಶುರು ಮಾಡಿದೆ. ಪರಿಚಯದವರು ತೂಕ ಇಳಿಸುವ ಗಿಡಮೂಲಿಕೆ ಪುಡಿ ಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದೇ? ಆರು ವರ್ಷದ ಮಗಳಿದ್ದಾಳೆ, ಇನ್ನೊಂದು ಮಗುವಿನ ಯೋಚನೆಯೂ ಇದೆ.

ಉತ್ತರ: ನಿಮ್ಮ ಪತ್ರದ ಬಹುಭಾಗ ತೂಕದ ಬಗ್ಗೆ ಇದೆ, ಎರಡನೆಯ ಮಗುವಿನ ವಿಚಾರ ಕೊನೆಯ ಒಂದು ವಾಕ್ಯದಲ್ಲಿ ಬಂದು ಹೋಗಿದೆ. ನಾನು ಉತ್ತರವನ್ನು ಆ ವಾಕ್ಯದಿಂದಲೇ ಆರಂಭಿಸಬೇಕಾಗಿದೆ, ಏಕೆಂದರೆ ನಿಮ್ಮ ಮಾತ್ರೆಗಳನ್ನು ಮರುಪರಿಶೀಲಿಸಲು ತೂಕಕ್ಕಿಂತಲೂ ಬಲವಾದ ಕಾರಣ ಅದರಲ್ಲಿದೆ. ಆ ಮರುಪರಿಶೀಲನೆ ಸರಿಯಾಗಿ ನಡೆದರೆ ತೂಕ, ಕೂದಲು, ಮುಟ್ಟು ಈ ಮೂರು ದೂರುಗಳೂ ಒಟ್ಟಿಗೇ ಹಗುರಾಗುವ ಸಾಧ್ಯತೆ ಇದೆ.

ವಾಲ್‌ಪ್ರೊಯೇಟ್ ಸೇವಿಸುತ್ತಿರುವಾಗ ಗರ್ಭ ನಿಂತರೆ, ಹುಟ್ಟುವ ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಹುರಿ, ಹೃದಯ, ಅಂಗುಳ ಮುಂತಾದ ಕಡೆ ಹುಟ್ಟುದೋಷವಿರುತ್ತದೆ. ನೂರಕ್ಕೆ 30ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ, ಗಮನ ಇವುಗಳ ಬೆಳವಣಿಗೆ ಹಿಂದೆ ಬೀಳುತ್ತದೆ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ, ಅಂದರೆ ಮುಟ್ಟು ನಿಂತಿದೆಯೆಂದು ಗಮನಕ್ಕೆ ಬರುವ ಹೊತ್ತಿಗೆ ಆ ಘಟ್ಟ ಮುಗಿದಿರುತ್ತದೆ. ನಿಮ್ಮಂತೆ ಮುಟ್ಟು ಏರುಪೇರಾದವರಿಗೆ ಅದು ಗೊತ್ತಾಗುವುದು ಇನ್ನೂ ತಡ. ಗರ್ಭಿಣಿಯೆಂದು ತಿಳಿದ ಮೇಲೆ ಮಾತ್ರೆ ಬದಲಿಸುತ್ತೇವೆ ಎನ್ನುವ ಯೋಜನೆ ಈ ಔಷಧದ ವಿಷಯದಲ್ಲಿ ನಡೆಯುವುದಿಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ, ಖಚಿತವಾದ ಗರ್ಭನಿರೋಧಕ ವ್ಯವಸ್ಥೆಯಿಲ್ಲದೆ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡಕೂಡದೆಂದು ಬಿಗಿ ನಿಯಮ ತಂದದ್ದು ಇದೇ ಕಾರಣಕ್ಕೆ. ಆದ್ದರಿಂದ ನಿಮ್ಮ ಮನೋವೈದ್ಯರನ್ನು ಈ ತಿಂಗಳೊಳಗೇ ಕಾಣಿ, ಮಗುವಿನ ಯೋಚನೆಯನ್ನು ಮೊದಲ ಮಾತಾಗಿ ಹೇಳಿ, ಔಷಧ ಬದಲಾಗಿ ಕಾಯಿಲೆ ಕೆಲವು ತಿಂಗಳು ಸ್ಥಿರವಾಗಿರುವುದು ಖಾತ್ರಿಯಾಗುವವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಿ. ಫೋಲಿಕ್ ಆಮ್ಲದ ಮಾತ್ರೆಯನ್ನೂ ವೈದ್ಯರು ಸೂಚಿಸುತ್ತಾರೆ. ಅದು ಒಳ್ಳೆಯದೇ, ಆದರೆ ವಾಲ್‌ಪ್ರೊಯೇಟ್‌ನ ಅಪಾಯವನ್ನು ಅದು ಅಳಿಸಿಹಾಕುವುದಿಲ್ಲ. ಇದನ್ನು ಓದಿದ ಗಾಬರಿಯಲ್ಲಿ ನಾಳೆಯೇ ವಾಲ್‌ಪ್ರೊಯೇಟ್ ಬಿಟ್ಟುಬಿಡಬೇಡಿ.

ಇನ್ನು ತೂಕ. ನಿಮಗೆ ಮೊದಲು ಹೇಳಬೇಕಾದದ್ದು, ಇದು ನಾಲಗೆಯ ಚಾಪಲ್ಯವಲ್ಲ, ಔಷಧದ ಕೆಲಸ. ಮನೋರೋಗಕ್ಕೆ ಕೊಡುವ ಔಷಧಗಳ ಪೈಕಿ ತೂಕ ಏರಿಸುವುದರಲ್ಲಿ ಕ್ಲೋಜಪೈನ್ ಮತ್ತು ಓಲಾಂಜಪೈನ್ ಮುಂಚೂಣಿಯಲ್ಲಿವೆ. ಓಲಾಂಜಪೈನ್ ಮಿದುಳಿನಲ್ಲಿ ಹಿಸ್ಟಮಿನ್‌ನ ಮತ್ತು ಸೆರೊಟೋನಿನ್‌ನ ಕೆಲವು ಗ್ರಾಹಕಗಳನ್ನು, ಅಂದರೆ ಈ ರಾಸಾಯನಿಕಗಳ ಸಂದೇಶ ಹಿಡಿಯುವ ತಾಣಗಳನ್ನು ತಡೆಹಿಡಿಯುತ್ತದೆ. ಹೊಟ್ಟೆ ತುಂಬಿತು, ಇನ್ನು ಸಾಕು ಎಂಬ ಸೂಚನೆ ಹೊರಡುವುದು ಈ ಗ್ರಾಹಕಗಳ ಮೂಲಕವೇ ಆದ್ದರಿಂದ, ಊಟ ಮಾಡಿ ಎರಡು ಗಂಟೆಯಾಗಿದ್ದರೂ ಹಸಿವು ಹಿಂಗಿದಂತೆ ಅನ್ನಿಸುವುದಿಲ್ಲ. ಜೊತೆಗೆ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಮಂದವಾಗುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಕೊಬ್ಬು ಏರುತ್ತದೆ, ಮಂಪರಿನಿಂದ ಓಡಾಟವೂ ತಗ್ಗುತ್ತದೆ. ಇದರ ಮೇಲೆ ವಾಲ್‌ಪ್ರೊಯೇಟ್ ಬಿದ್ದಿದೆ. ಅದೂ ತೂಕ ಏರಿಸುವ ಔಷಧವೇ, ಅಂಡಾಶಯದಲ್ಲಿ ನೀರುಗುಳ್ಳೆಗಳಾಗಿ ಮುಟ್ಟು ತಪ್ಪುವ ಪಿಸಿಒಎಸ್ ತೊಂದರೆಗೂ ಅದಕ್ಕೂ ನಂಟಿದೆ, ಕೂದಲು ತೆಳುವಾಗುವುದು ಅದರ ಹೆಸರಾಂತ ಅಡ್ಡಪರಿಣಾಮ. ರಾತ್ರಿ ಒಂದು ಗಂಟೆಗೆ ನಿಮ್ಮನ್ನು ಎಬ್ಬಿಸಿ ತಂಗಳನ್ನದ ಪಾತ್ರೆಯ ಮುಂದೆ ನಿಲ್ಲಿಸುವ ಹಸಿವನ್ನು ಮನಸ್ಸು ಗಟ್ಟಿ ಮಾಡಿಕೊಂಡು ಗೆಲ್ಲಿ ಎಂದು ಹೇಳುವುದು ಅನ್ಯಾಯ.

ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ ಎಂದ ವೈದ್ಯರ ಸಲಹೆ ತಪ್ಪಲ್ಲ, ಆದರೆ ಅರ್ಧ. ಅಮೆರಿಕದ ಮಧುಮೇಹ ತಜ್ಞರ ಮತ್ತು ಮನೋವೈದ್ಯರ ಸಂಘಗಳು 2004ರಲ್ಲಿ ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿ ಈಗಲೂ ಎಲ್ಲೆಡೆ ಆಧಾರವಾಗಿದೆ. ಅದರಂತೆ ಓಲಾಂಜಪೈನ್ ಬಗೆಯ ಔಷಧ ಶುರು ಮಾಡುವ ಮೊದಲೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಕೊಬ್ಬಿನಂಶ ನೋಡಿಟ್ಟುಕೊಳ್ಳಬೇಕು. 4, 8 ಮತ್ತು 12ನೇ ವಾರಗಳಲ್ಲಿ ತೂಕ ನೋಡಬೇಕು, ಮೂರು ತಿಂಗಳಿಗೆ ರಕ್ತ ಪರೀಕ್ಷೆಗಳನ್ನು ಮತ್ತೆ ಮಾಡಬೇಕು, ಮೂಲ ತೂಕದ ಶೇ. 5ರಷ್ಟು ಏರಿದರೆ ಔಷಧ ಬದಲಿಸುವ ಯೋಚನೆ ಮಾಡಬೇಕು. ನಿಮ್ಮ 56 ಕಿಲೋಗೆ ಶೇ. 5 ಎಂದರೆ ಮೂರು ಕಿಲೋಗಿಂತ ತುಸು ಕಡಿಮೆ. ಎರಡು ತಿಂಗಳಿಗೇ ಐದು ಕಿಲೋ ಏರಿದ್ದಾಗ ಆ ಗಂಟೆ ಬಾರಿಸಬೇಕಿತ್ತು. ಓಲಾಂಜಪೈನ್‌ನಿಂದ ತೂಕ ಅತಿ ವೇಗವಾಗಿ ಏರುವುದು ಮೊದಲ ಕೆಲವು ವಾರಗಳಲ್ಲಿ, ಆಮೇಲೆ ನಿಧಾನವಾಗುತ್ತದೆ. ಮೊದಲ ತಿಂಗಳಲ್ಲೇ ಬೇಗ ಏರಿದವರಿಗೆ ಮುಂದೆಯೂ ಹೆಚ್ಚು ಏರುತ್ತದೆ ಎನ್ನುವುದು ಅನುಭವಸಿದ್ಧ. ತಡೆಯಲು ಅನುಕೂಲವಾದ ಕಾಲವೂ ಅದೇ. ನಮ್ಮ ಹೊರರೋಗಿ ವಿಭಾಗಗಳ ನೂಕುನುಗ್ಗಲಿನಲ್ಲಿ ತೂಕದ ಯಂತ್ರ ಮೂಲೆಗೆ ಸರಿದಿರುವುದು ನನಗೆ ಗೊತ್ತು. ಆದರೂ ಈ ಔಷಧ ಬರೆಯುವ ಕೊಠಡಿಯಲ್ಲಿ ಬಿ.ಪಿ. ಯಂತ್ರದಷ್ಟೇ ತೂಕದ ಯಂತ್ರವೂ ಅವಶ್ಯ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ನೋಡದಿದ್ದರೆ ನೀವೇ ಕೇಳಿ.

ನಿಮ್ಮ ದೇಹ ತೂಕ ಸೂಚ್ಯಂಕ (ಬಿಎಂಐ, ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23ರ ಆಸುಪಾಸಿನಿಂದ ಸುಮಾರು 29ಕ್ಕೆ ಬಂದಿದೆ. ಭಾರತೀಯರಲ್ಲಿ ಮೈಕಟ್ಟು ಸಣ್ಣದಾಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿರುವುದರಿಂದ ನಮಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಎಣಿಸುತ್ತೇವೆ. ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಮಿತಿ. ಟೇಲರ್ ಟೇಪಿನಿಂದ ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟ ಮೇಲೆ, ಸೀರೆಯ ನೆರಿಗೆ ಸರಿಸಿ ಅಳೆದುಕೊಳ್ಳಿ. ಇದನ್ನು ಹೇಳುವುದು ಹೆದರಿಸಲು ಅಲ್ಲ. 69ರಿಂದ 56ಕ್ಕೆ ಮರಳಲೇಬೇಕು ಎಂದು ಹಟ ಹಿಡಿದರೆ ಮೂರು ತಿಂಗಳಲ್ಲಿ ಕೈಚೆಲ್ಲುತ್ತೀರಿ. ಮೊದಲ ಗುರಿ ಏರಿಕೆ ನಿಲ್ಲುವುದು, ಎರಡನೆಯದು ಮೂರೂವರೆ ಕಿಲೋ ಇಳಿಯುವುದು. ಅಷ್ಟಕ್ಕೇ ಸಕ್ಕರೆ ಮತ್ತು ರಕ್ತದೊತ್ತಡದಲ್ಲಿ ಅಳೆಯಬಹುದಾದ ಲಾಭವಿದೆ.

ಮಾತ್ರೆ ಬಿಟ್ಟಾಗ ನಿದ್ದೆ ಹೋದದ್ದು ಏಕೆ ಎಂಬುದನ್ನೂ ನೋಡೋಣ. ಓಲಾಂಜಪೈನ್ ಒಮ್ಮೆಲೇ ನಿಂತರೆ ನಿದ್ರಾಹೀನತೆ, ವಾಕರಿಕೆ, ಬೆವರು, ಚಡಪಡಿಕೆ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಬೈಪೋಲಾರ್ ಇರುವವರಿಗೆ ನಿದ್ದೆ ಕಡಿಮೆಯಾಗುವುದು ಉನ್ಮಾದ ಮರುಕಳಿಸುವುದರ ಮೊದಲ ಲಕ್ಷಣವೂ ಹೌದು, ಕಾರಣವೂ ಹೌದು. ಹೆದರಿ ಮತ್ತೆ ಶುರು ಮಾಡಿದ್ದು ಒಳ್ಳೆಯದಾಯಿತು, ಆದರೆ ಬಿಟ್ಟ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿ. ಅದು ಗೊತ್ತಿಲ್ಲದೆ ಅವರು ಮಾತ್ರೆ ಸಾಲುತ್ತಿಲ್ಲವೆಂದು ತಿಳಿದು ಪ್ರಮಾಣ ಏರಿಸಿದರೆ ತೂಕ ಇನ್ನಷ್ಟು ಏರುತ್ತದೆ. ಒಮ್ಮೆಲೇ ಬಿಡಬಾರದೆಂಬ ಮಾತು ಬೇರೆ ಔಷಧ ಸೇವಿಸುವವರಿಗೂ ಸಲ್ಲುತ್ತದೆ. ವಾರಗಟ್ಟಲೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ನುಂಗಿದವರು ಒಮ್ಮೆಲೇ ಬಿಟ್ಟರೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ಪ್ರಾಣಕ್ಕೆ ಬರಬಹುದು. ಫಿಟ್ಸ್‌ಗಾಗಿ ವಾಲ್‌ಪ್ರೊಯೇಟ್ ಸೇವಿಸುವವರಿಗೆ ಮೇಲಿಂದ ಮೇಲೆ ಫಿಟ್ಸ್ ಬರಬಹುದು.

ವೈದ್ಯರ ಮುಂದಿರುವ ದಾರಿಗಳು ಯಾವುವು? ಒಂದು, ಓಲಾಂಜಪೈನ್‌ನ ಅಗತ್ಯ ಈಗಲೂ ಅಷ್ಟೇ ಇದೆಯೇ ಎಂದು ನೋಡುವುದು. ಉನ್ಮಾದದ ತೀವ್ರ ಘಟ್ಟದಲ್ಲಿ ಕೊಟ್ಟ ಪ್ರಮಾಣವೇ ಕಾಯಿಲೆ ತಣ್ಣಗಾದ ಮೇಲೂ ಚೀಟಿಯಿಂದ ಚೀಟಿಗೆ ಹಾಗೆಯೇ ನಕಲಾಗುತ್ತ ಹೋಗುವುದು ಅಪರೂಪವಲ್ಲ. ಪ್ರಮಾಣ ತಗ್ಗಿಸಿದ ಮಾತ್ರಕ್ಕೆ ಏರಿದ ತೂಕ ಇಳಿದುಬಿಡುವುದಿಲ್ಲ, ಆದರೂ ಹಸಿವು ಮತ್ತು ಮಂಪರು ಕಡಿಮೆಯಾಗುವುದುಂಟು.

ಎರಡು, ತೂಕ ಅಷ್ಟಾಗಿ ಏರಿಸದ ಔಷಧಕ್ಕೆ ಬದಲಾಗುವುದು. ಅರಿಪಿಪ್ರಜೋಲ್, ಲುರಾಸಿಡೋನ್ ಈ ಗುಂಪಿನವು. ಕ್ವಿಟಿಯಾಪೈನ್ ಮತ್ತು ರಿಸ್ಪೆರಿಡೋನ್ ನಡುವಿನವು. ಅರಿಪಿಪ್ರಜೋಲ್‌ನಿಂದ ಕೆಲವರಿಗೆ ಕೂತಲ್ಲಿ ಕೂರಲಾಗದ, ಕಾಲು ಅಲುಗಿಸುತ್ತಲೇ ಇರಬೇಕೆನಿಸುವ ಚಡಪಡಿಕೆ ಬರುತ್ತದೆ. ಇದನ್ನು ಕಾಯಿಲೆ ಹೆಚ್ಚಾಯಿತೆಂದು ಮನೆಯವರು ತಪ್ಪು ತಿಳಿಯುವುದುಂಟು, ಆದ್ದರಿಂದ ಮೊದಲೇ ತಿಳಿದಿರಲಿ. ಬದಲಾವಣೆ ವಾರಗಳ ಕೆಲಸ, ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸುತ್ತ ಹೋಗಬೇಕು. ಈ ಅವಧಿಯನ್ನು ಕಾಫಿ ಕೊಯ್ಲಿನ ಗಡಿಬಿಡಿಯಲ್ಲೋ ಮನೆಯಲ್ಲಿ ಮದುವೆ ಇರುವಾಗಲೋ ಇಟ್ಟುಕೊಳ್ಳದಿರುವುದು ಲೇಸು.

ವಾಲ್‌ಪ್ರೊಯೇಟ್‌ನ ಜಾಗಕ್ಕೆ ಏನು ಎನ್ನುವುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಲ್ಯಾಮೊಟ್ರಿಜಿನ್ ತೂಕ ಏರಿಸುವುದಿಲ್ಲ, ಗರ್ಭಾವಸ್ಥೆಯಲ್ಲಿ ವಾಲ್‌ಪ್ರೊಯೇಟ್‌ಗಿಂತ ಎಷ್ಟೋ ಸುರಕ್ಷಿತ. ಆದರೆ ಅದು ಖಿನ್ನತೆಯನ್ನು ತಡೆಯುವಷ್ಟು ಚೆನ್ನಾಗಿ ಉನ್ಮಾದವನ್ನು ತಡೆಯುವುದಿಲ್ಲ. ಅದನ್ನು ಬಹಳ ನಿಧಾನವಾಗಿಯೇ ಏರಿಸಬೇಕು, ಅದರಲ್ಲೂ ವಾಲ್‌ಪ್ರೊಯೇಟ್ ಇನ್ನೂ ದೇಹದಲ್ಲಿರುವಾಗ, ಏಕೆಂದರೆ ವಾಲ್‌ಪ್ರೊಯೇಟ್ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಮಟ್ಟವನ್ನು ಸುಮಾರು ಇಮ್ಮಡಿ ಮಾಡುತ್ತದೆ, ಅವಸರ ಮಾಡಿದರೆ ಚರ್ಮ ಸುಲಿಯುವ ಗಂಭೀರ ಪ್ರತಿಕ್ರಿಯೆ ಬರಬಹುದು. ಲಿಥಿಯಂ ಬೈಪೋಲಾರ್‌ಗೆ ಹಳೆಯ, ನಂಬಿಕೆಯ ಔಷಧ. ಅದೂ ಸ್ವಲ್ಪ ತೂಕ ಏರಿಸುತ್ತದೆ, ಬಾಯಾರಿಕೆ ತರುತ್ತದೆ, ಥೈರಾಯ್ಡ್ ಮತ್ತು ಮೂತ್ರಪಿಂಡದ ಮೇಲೆ ಕಣ್ಣಿಡಬೇಕು, ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಪರೀಕ್ಷಿಸಬೇಕು, ಗರ್ಭಾವಸ್ಥೆಯಲ್ಲಿ ಮಗುವಿನ ಹೃದಯದ ಸ್ಕ್ಯಾನ್ ಆಗಬೇಕು. ನಮ್ಮ ಸೀಮೆಯವರಿಗೆ ಲಿಥಿಯಂ ಬಗ್ಗೆ ಎರಡು ಮಾತು ವಿಶೇಷವಾಗಿ ಹೇಳಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಮಟ್ಟವನ್ನು ವಿಷವಾಗುವಷ್ಟು ಏರಿಸಬಲ್ಲವು. ಎರಡನೆಯದು ಕಾಫಿ. ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಬೇಗ ಹೊರಹಾಕುತ್ತದೆ. ದಿನಕ್ಕೆ ಐದಾರು ಲೋಟ ಕುಡಿಯುವವರು ವ್ರತಕ್ಕೆಂದೋ ಆರೋಗ್ಯಕ್ಕೆಂದೋ ಒಮ್ಮೆಲೇ ಬಿಟ್ಟರೆ ಮಟ್ಟ ಏರುತ್ತದೆ. ಕುಡಿಯಬೇಡಿ ಎಂದಲ್ಲ, ಪ್ರಮಾಣ ದಿನದಿಂದ ದಿನಕ್ಕೆ ಏರುಪೇರಾಗದಿರಲಿ. ಟೊಪಿರಮೇಟ್ ತೂಕ ಇಳಿಸುತ್ತದೆ ಎಂದು ಯಾರಾದರೂ ಸೂಚಿಸಬಹುದು. ಮಗುವಿನ ಯೋಚನೆ ಇರುವ ನಿಮಗೆ ಅದು ಬೇಡ, ಅದೂ ಗರ್ಭಕ್ಕೆ ಹಾನಿಕರ.

ಮೂರನೆಯ ದಾರಿ, ಈಗಿನ ಔಷಧದಿಂದ ಮನಸ್ಸು ಚೆನ್ನಾಗಿದ್ದು ಬದಲಾಯಿಸುವುದೇ ಅಪಾಯ ಎನಿಸಿದಾಗ ಜೊತೆಗೆ ಮೆಟ್‌ಫಾರ್ಮಿನ್ ಕೊಡುವುದು. ಇದು ಸಕ್ಕರೆ ಕಾಯಿಲೆಯ ಮಾತ್ರೆಯೆಂದು ಎಲ್ಲರಿಗೂ ಗೊತ್ತು, ಆದರೆ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಓಲಾಂಜಪೈನ್‌ನ ತೂಕವನ್ನು ಸರಾಸರಿ ಮೂರು ಕಿಲೋದಷ್ಟು ತಗ್ಗಿಸುತ್ತದೆಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತೂಕ ಏರುವ ಮೊದಲೇ ಕೊಟ್ಟರೆ ಲಾಭ ಹೆಚ್ಚು. 500 ಮಿ.ಗ್ರಾಂ.ನಿಂದ, ಊಟದ ಜೊತೆ, ನಿಧಾನವಾಗಿ ಏರಿಸಬೇಕು, ಇಲ್ಲದಿದ್ದರೆ ಭೇದಿ, ಹೊಟ್ಟೆಯುಬ್ಬರ. ಮೂತ್ರಪಿಂಡದ ಪರೀಕ್ಷೆ ಮೊದಲು ಆಗಬೇಕು, ವರ್ಷಗಟ್ಟಲೆ ಸೇವಿಸಿದರೆ ಬಿ12 ನೋಡುತ್ತಿರಬೇಕು. ಮಾತ್ರೆಯೂ ಅಗ್ಗ, ಜನೌಷಧಿ ಕೇಂದ್ರಗಳಲ್ಲಿ ಸಿಗುತ್ತದೆ. ನಿಮ್ಮ ವಿಷಯದಲ್ಲಿ ಒಂದು ಎಚ್ಚರ: ಮೆಟ್‌ಫಾರ್ಮಿನ್‌ನಿಂದಲೂ ತೂಕ ಇಳಿಯುವುದರಿಂದಲೂ ತಪ್ಪಿದ ಮುಟ್ಟು ಸರಿಯಾಗಿ ಅಂಡೋತ್ಪತ್ತಿ ಮರಳುತ್ತದೆ. ವಾಲ್‌ಪ್ರೊಯೇಟ್ ಇನ್ನೂ ನಡೆಯುತ್ತಿರುವಾಗಲೇ ಎಣಿಸದೆ ಗರ್ಭ ನಿಲ್ಲುವ ಸಂಭವ ಹೀಗೆ ಹೆಚ್ಚುತ್ತದೆ. ಸೆಮಾಗ್ಲುಟೈಡ್ ಚುಚ್ಚುಮದ್ದಿನ ಸುದ್ದಿಯನ್ನು ನೀವೂ ಕೇಳಿರಬಹುದು. ತೂಕ ಇಳಿಸುವುದರಲ್ಲಿ ಅದು ಬಲಶಾಲಿ ಹೌದು, ಆದರೆ ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳು ಮೊದಲು ನಿಲ್ಲಿಸಬೇಕಾದ ಔಷಧ. ನಿಮ್ಮ ಸ್ಥಿತಿಯಲ್ಲಿ ನಾನು ಅದನ್ನು ಮೊದಲ ಆಯ್ಕೆಯೆಂದು ಹೇಳಲಾರೆ.

ಇಷ್ಟರ ನಡುವೆ ಮನೆಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ರಾತ್ರಿಯ ಹಸಿವಿನಿಂದ ಆರಂಭಿಸಿ. ನೀವು ಮಾತ್ರೆಯನ್ನು ಎಷ್ಟು ಗಂಟೆಗೆ ನುಂಗುತ್ತೀರೆಂದು ಬರೆದಿಲ್ಲ, ಬಹುಶಃ ಕೆಲಸವೆಲ್ಲ ಮುಗಿಸಿ ಮಲಗುವ ಮುಂಚೆ ಹತ್ತೂವರೆಗೋ ಹನ್ನೊಂದಕ್ಕೋ ಇರಬೇಕು. ಓಲಾಂಜಪೈನ್ ರಕ್ತದಲ್ಲಿ ಶಿಖರ ಮುಟ್ಟುವುದು ನುಂಗಿದ ಸುಮಾರು ಆರು ಗಂಟೆಗೆ. ಹನ್ನೊಂದಕ್ಕೆ ನುಂಗಿದರೆ ಬೆಳಗಿನ ಜಾವ ಐದಕ್ಕೆ ಮಂಪರು ತುತ್ತತುದಿಯಲ್ಲಿರುತ್ತದೆ, ಒಂಬತ್ತರವರೆಗೆ ಎಳೆಯುವುದು ಸಹಜ. ವೈದ್ಯರನ್ನು ಕೇಳಿ ರಾತ್ರಿ ಎಂಟಕ್ಕೆ ನುಂಗಿ, ಒಂಬತ್ತೂವರೆಯೊಳಗೆ ಮಲಗುವ ರೂಢಿ ಮಾಡಿಕೊಂಡರೆ ಬೆಳಗಿನ ಮಂಪರು ತಗ್ಗುತ್ತದೆ. ಎಚ್ಚರವಾದರೆ ತಿನ್ನಲೆಂದೇ ಒಂದನ್ನು ಮೊದಲೇ ತೆಗೆದಿಡಿ: ಬೇಯಿಸಿದ ಮೊಟ್ಟೆ, ನೀರು ಮಜ್ಜಿಗೆ, ಸೌತೆಕಾಯಿ, ಬೇಯಿಸಿದ ಹೆಸರುಕಾಳು. ಕೋಡುಬಳೆ, ಚಕ್ಕುಲಿ, ಮಿಕ್ಸ್ಚರ್ ಡಬ್ಬಿಗಳು ಕೈಗೆ ಸುಲಭವಾಗಿ ಸಿಗದ ಅಟ್ಟದ ಮೇಲಿರಲಿ. ಬಂದವರಿಗೆ ಕೊಡಲು ಬೇಕು ಎಂದು ಅತ್ತೆಯವರು ಹೇಳಬಹುದು. ಬಂದವರಿಗೆ ಒಂದು ತಟ್ಟೆಗೆ ಹಾಕಿ ಕೊಡುವಷ್ಟು ಹೊತ್ತು ಎಲ್ಲರಿಗೂ ಇರುತ್ತದೆ.

ಕಾಫಿಯ ಲೆಕ್ಕವನ್ನೂ ಮಾಡಿ ನೋಡಿ. ತೋಟದ ಮನೆಗಳಲ್ಲಿ ದಿನಕ್ಕೆ ಐದು ಲೋಟ ಹೆಚ್ಚೇನಲ್ಲ. ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ ಹತ್ತು ಚಮಚ, ಸುಮಾರು 40ರಿಂದ 50 ಗ್ರಾಂ, ಅಂದರೆ ಹೆಚ್ಚುಕಡಿಮೆ 200 ಕ್ಯಾಲೊರಿ. ಲೆಕ್ಕದ ಮಟ್ಟಿಗೆ ಅದು ತಿಂಗಳಿಗೆ ಮುಕ್ಕಾಲು ಕಿಲೋ ಕೊಬ್ಬಿಗೆ ಸಮ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಏನೂ ಆಗುವುದಿಲ್ಲವೆಂಬ ನಂಬಿಕೆ ಮಲೆನಾಡಿನಲ್ಲಿ ಬೇರೂರಿದೆ. ಕ್ಯಾಲೊರಿಯ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಚಮಚವನ್ನು ವಾರಕ್ಕೆ ಅರ್ಧದಂತೆ ಇಳಿಸಿದರೆ ನಾಲಗೆ ಒಪ್ಪಿಕೊಳ್ಳುತ್ತದೆ. ಸಂಜೆ ನಾಲ್ಕರ ನಂತರ ಕಾಫಿಯೇ ಬೇಡ, ನಿಮಗೆ ನಿದ್ದೆ ಔಷಧದಷ್ಟೇ ಮುಖ್ಯ. ಈ ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಆಗ ಜ್ಯೂಸು, ತಂಪು ಪಾನೀಯ ಕುಡಿಯುವ ಅಭ್ಯಾಸ ಬೆಳೆಯುತ್ತದೆ. ಅದಕ್ಕೆ ನೀರೇ ಸಾಕು.

ಅನ್ನ ಬಿಟ್ಟು ರಾಗಿಮುದ್ದೆ ತಿನ್ನಿ ಎಂದು ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯ ನೆಂಟರು ಹೇಳುತ್ತಾರೆ. ರಾಗಿಯಲ್ಲಿ ನಾರು ಮತ್ತು ಸುಣ್ಣದಂಶ ಹೆಚ್ಚು, ಆದರೆ ತೂಕಕ್ಕೆ ತೂಕ ಕ್ಯಾಲೊರಿ ಅಕ್ಕಿಗೆ ಹತ್ತಿರವೇ. ಮುದ್ದೆಯ ಗಾತ್ರ ಮುಖ್ಯ, ಧಾನ್ಯದ ಹೆಸರಲ್ಲ. ಅಕ್ಕಿರೊಟ್ಟಿ, ಕಡುಬು ತಿನ್ನುವ ಮನೆಯಲ್ಲಿ ನಿಮಗೊಬ್ಬರಿಗೆ ಬೇರೆ ಅಡುಗೆ ಮಾಡಿಕೊಳ್ಳುವ ಯೋಜನೆ ಎರಡು ವಾರ ನಡೆಯುವುದೂ ಕಷ್ಟ. ಬದಲಿಗೆ ತಟ್ಟೆಯ ಪಾಲು ಬದಲಿಸಿ. ಮೊದಲು ಪಲ್ಯ ಮತ್ತು ಕಾಳು ತಿನ್ನಿ, ಹುರುಳಿಕಾಳಿನ ಸಾರು, ಸೊಪ್ಪಿನ ಬಸ್ಸಾರಿನ ಪಲ್ಯ, ಮೊಟ್ಟೆ, ಮೀನು ಯಾವುದಾದರೂ ಸರಿ, ರೊಟ್ಟಿ ಕೊನೆಗೆ ಬರಲಿ, ಮೂರಿದ್ದದ್ದು ಎರಡಾಗಲಿ. ಹೊಟ್ಟೆ ತುಂಬಿದ ಸೂಚನೆ ತಡವಾಗಿ ಬರುವವರು ಎರಡನೆಯ ಸಲ ಬಡಿಸಿಕೊಳ್ಳುವ ಮೊದಲು ಇಪ್ಪತ್ತು ನಿಮಿಷ ಬಿಡಬೇಕು. ವಾರಕ್ಕೆರಡು ದಿನ ಉಪವಾಸ ಮಾಡುವುದನ್ನು ನಾನು ಒಪ್ಪುವುದಿಲ್ಲ. ಓಲಾಂಜಪೈನ್ ಹಸಿವು ಉಪವಾಸದ ಮರುದಿನ ಬಡ್ಡಿಸಮೇತ ವಸೂಲಿ ಮಾಡುತ್ತದೆ.

ಬೆಳಿಗ್ಗೆ ಐದಕ್ಕೆದ್ದು ವಾಕಿಂಗ್ ಹೋಗಿ ಎಂದು ನಾನು ಹೇಳುವುದಿಲ್ಲ, ಎರಡು ಕಾರಣಗಳಿಗೆ. ಒಂದು, ನಿಮಗೆ ನಿದ್ದೆ ಕಡಿತವಾಗುವುದು ತೂಕಕ್ಕಿಂತ ದೊಡ್ಡ ಅಪಾಯ. ಇನ್ನೊಂದು, ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದ ದಾರಿಗಳಲ್ಲಿ ಮಬ್ಬುಗತ್ತಲಲ್ಲಿ ಒಂಟಿಯಾಗಿ ನಡೆಯುವುದೆಂದರೆ ಕಾಡಾನೆಗೆ ಎದುರಾಗುವುದು, ಇದನ್ನು ಪಟ್ಟಣದಲ್ಲಿ ಕೂತು ಸಲಹೆ ಬರೆಯುವವರು ಮರೆಯುತ್ತಾರೆ. ಬೆಳಕು ಹರಿದ ಮೇಲೆ, ಮಗಳನ್ನು ಶಾಲೆಗೆ ಬಿಟ್ಟು ಬರುವ ದಾರಿಯನ್ನೇ ಉದ್ದ ಮಾಡಿಕೊಳ್ಳಿ, ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ನಡೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊರಗೆ ಕಾಲಿಡಲು ಬಿಡುವುದಿಲ್ಲ. ಆಗ ಕಾಫಿ ಒಣಗಿಸುವ ಕಣ ಹೇಗೂ ನೆನೆದಿರುತ್ತದೆ, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುವುದು, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದು, ಮೆಟ್ಟಿಲು ಹತ್ತಿಳಿಯುವುದು ನಡೆದೀತು.

ಪುಡಿಯ ಬಗ್ಗೆ ನನ್ನ ಉತ್ತರ ಸ್ಪಷ್ಟ: ಬೇಡ. ಗಿಡಮೂಲಿಕೆ ಎಂದು ಮಾರುವ ತೂಕ ಇಳಿಸುವ ಪುಡಿ, ಕ್ಯಾಪ್ಸೂಲುಗಳಲ್ಲಿ ಸಿಬುಟ್ರಮಿನ್ ಎಂಬ ರಾಸಾಯನಿಕ ಬೆರೆಸಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಹೃದಯಕ್ಕೆ ಅಪಾಯವೆಂದು ಭಾರತವೂ 2011ರಲ್ಲಿ ನಿಷೇಧಿಸಿದ ಔಷಧ ಅದು, ಬೈಪೋಲಾರ್ ಇರುವವರಲ್ಲಿ ಉನ್ಮಾದ ಕೆರಳಿಸಬಲ್ಲದು. ಗಾರ್ಸೀನಿಯಾ ಕ್ಯಾಪ್ಸೂಲ್ ಎಂದು ಮಾರುವುದು ನಮ್ಮ ಉಪ್ಪಾಗೆಯ ಸಾಂದ್ರ ಸಾರವೇ. ಮೀನುಸಾರಿಗೆ ಹುಳಿಯಾಗಿ ಬಳಸುವ ಉಪ್ಪಾಗೆಯಿಂದ ತೊಂದರೆ ಇಲ್ಲ, ಆದರೆ ಸಾಂದ್ರ ಕ್ಯಾಪ್ಸೂಲಿನಿಂದ ಯಕೃತ್ತಿಗೆ ಪೆಟ್ಟು ಬಿದ್ದ, ಉನ್ಮಾದ ಕಾಣಿಸಿಕೊಂಡ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ. ವಾಲ್‌ಪ್ರೊಯೇಟ್‌ನಿಂದ ನಿಮ್ಮ ಯಕೃತ್ತಿನ ಮೇಲೆ ಈಗಾಗಲೇ ಹೊರೆ ಇದೆ.

ಕೂದಲು ಉದುರುವುದು ಬಹುಪಾಲು ಔಷಧ ಬದಲಾದ ಮೇಲೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿ, ದುಬಾರಿ ಎಣ್ಣೆಗೆ ದುಡ್ಡು ಸುರಿಯಬೇಡಿ. ಮುಟ್ಟಿನ ಏರುಪೇರಿಗೆ ಸ್ತ್ರೀರೋಗ ತಜ್ಞರನ್ನು ಕಂಡಾಗ ಮಾತ್ರೆಗಳ ಹೆಸರನ್ನು ಮುಚ್ಚಿಡದೆ ಹೇಳಿ.

ಈ ಪತ್ರ ಓದುವ ಬೇರೆಯವರಿಗೂ ಎರಡು ಮಾತು. ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್, ಗ್ಲಿಮೆಪಿರೈಡ್, ಪಿಯೋಗ್ಲಿಟಜೋನ್, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ನಿದ್ದೆ ಹಾಗೂ ತಲೆನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮಿರ್ಟಜಪೈನ್ ಇವೂ ತೂಕ ಏರಿಸುತ್ತವೆ. ಅಮ್ಲೋಡಿಪಿನ್ ಬಿ.ಪಿ. ಮಾತ್ರೆಯಿಂದ ಪಾದ ಊದಿದರೆ ಅದು ಕೊಬ್ಬಲ್ಲ, ನೀರು. ಮಂಡಿ ನೋವಿಗೆ, ದಮ್ಮಿಗೆ ಹೆಸರಿಲ್ಲದ ಪುಡಿ ತಿಂದು ಮುಖ ದುಂಡಗಾಗಿ ಹಸಿವು ವಿಪರೀತವಾಗಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಅನುಮಾನ ಬರಬೇಕು. ಅದನ್ನೂ ದಿಢೀರನೆ ಬಿಡದೆ ಪುಡಿಯ ಸಮೇತ ವೈದ್ಯರ ಬಳಿ ಹೋಗಬೇಕು.

ಮುಂದಿನ ಭೇಟಿಗೆ ಒಂದು ಹಾಳೆ ತಯಾರಿಸಿಕೊಳ್ಳಿ, ಐದು ನಿಮಿಷದ ಭೇಟಿಯಲ್ಲಿ ಬಾಯಿಮಾತು ಕಳೆದುಹೋಗುತ್ತದೆ. ತಾರೀಖಿನ ಎದುರು ತೂಕ, ಸೊಂಟದ ಅಳತೆ, ಮುಟ್ಟಾದ ದಿನಗಳು, ಮಾತ್ರೆ ಬಿಟ್ಟ ದಿನಗಳು ಇರಲಿ. ತೂಕವನ್ನು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಿಗ್ಗೆ ತಿಂಡಿಗೆ ಮೊದಲು ನೋಡಿ. ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಕೊಡುತ್ತಾರೆ. ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆ), ಕೊಬ್ಬಿನಂಶ, ಯಕೃತ್ತಿನ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಥೈರಾಯ್ಡ್ ಇವು ಆಗಿವೆಯೇ ಎಂದು ಕೇಳಿ. ಬಳಿಕ ನೇರವಾಗಿ ಕೇಳಿ: ಮಗು ಬೇಕೆಂದಿದ್ದೇವೆ, ವಾಲ್‌ಪ್ರೊಯೇಟ್ ಬದಲಿಸಬಹುದೇ? ಓಲಾಂಜಪೈನ್ ಪ್ರಮಾಣ ಇಳಿಸಬಹುದೇ, ಬದಲಿಸಬಹುದೇ? ಆಗದಿದ್ದರೆ ಮೆಟ್‌ಫಾರ್ಮಿನ್ ಸೇರಿಸಬಹುದೇ? ಹೀಗೆ ಕೇಳುವುದು ಉದ್ಧಟತನವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಕೊಡುವ ಚಿಕಿತ್ಸೆ ಮತ್ತು ಅದರ ತಿಳಿದಿರುವ ಅಡ್ಡಪರಿಣಾಮಗಳ ಮಾಹಿತಿ ಪಡೆಯುವುದನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಸಮಾಧಾನದ ಉತ್ತರ ಸಿಗದಿದ್ದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯ ವಿಭಾಗದಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ, ಹಳೆಯ ಚೀಟಿಗಳೆಲ್ಲ ಜೊತೆಗಿರಲಿ. ಔಷಧದ ಅಡ್ಡಪರಿಣಾಮವನ್ನು ರೋಗಿಗಳೇ ದಾಖಲಿಸಲು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಶುಲ್ಕರಹಿತ ಸಂಖ್ಯೆ 1800-180-3024 ಇದೆ.

ಕೆಲವು ಲಕ್ಷಣಗಳು ಕಂಡರೆ ಮುಂದಿನ ಭೇಟಿಗೆ ಕಾಯಬಾರದು. ವಿಪರೀತ ಬಾಯಾರಿಕೆಯೊಂದಿಗೆ ಪದೇಪದೇ ಮೂತ್ರ, ಬಿಡದ ವಾಂತಿ ಮತ್ತು ಹೊಟ್ಟೆನೋವು, ಕಣ್ಣು ಹಳದಿಯಾಗುವುದು, ಜ್ವರದೊಂದಿಗೆ ಮೈ ಸೆಡೆತು ಮತ್ತು ಗೊಂದಲ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಎರಡು ರಾತ್ರಿ ಸತತವಾಗಿ ನಿದ್ದೆ ಬಾರದೆಯೂ ದಣಿವೇ ಅನ್ನಿಸದಿದ್ದರೆ ಮನೆಯವರು ನಿಮ್ಮ ಒಪ್ಪಿಗೆಗೆ ಕಾಯದೆ ವೈದ್ಯರಿಗೆ ತಿಳಿಸಲಿ, ಈ ಮಾತನ್ನು ಆರೋಗ್ಯವಾಗಿರುವ ಈಗಲೇ ಯಜಮಾನರೊಂದಿಗೆ ಆಡಿಕೊಂಡಿರಿ. ಬದುಕು ಬೇಡವೆನಿಸಿದರೆ, ಅಥವಾ ಜನರ ಮಾತಿನಿಂದ ಮನಸ್ಸು ಕುಸಿದು ಮಾತ್ರೆ ಎಸೆಯಬೇಕೆನಿಸಿದ ರಾತ್ರಿ, ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.